ಹಿಡಿಯೋ, ತಡಿಯೋ

ಕಳೆದ ವಾರ ಫೋರ್ಟ್ ಕೊಚ್ಚಿಯ ಜೆಟ್ಟಿಯಲ್ಲಿ ನಿಂತಿದ್ದಾಗ ನೆನೆದ ತೆಂಗಿನ ನಾರಿನ ಹಗ್ಗದ ವಾಸನೆ ಮೂಗಿಗೆ ಬಂತು. ಈಗ ಎಲ್ಲ ದೋಣಿಗಳಿಗೂ ನೈಲಾನ್ ಹಗ್ಗವೇ. ಯಾರೋ ಒಬ್ಬ ಮುದುಕ ಮಾತ್ರ ಹಳೆಯ ನಾರಿನ ಹಗ್ಗವನ್ನು ನೀರಿನಿಂದ ಎಳೆದು ಕಟ್ಟೆಯ ಮೇಲೆ ಸುತ್ತಿಡುತ್ತಿದ್ದ. ಅರ್ಧ ಕೊಳೆತ, ಅರ್ಧ ಮಣ್ಣಿನಂಥ ವಾಸನೆ. ನನ್ನ ಅಂಗೈ ಬೆವರಿತು. ವಾಸನೆ ನೆನಪನ್ನು ತರುತ್ತದೆ ಎಂಬ ಮಾತನ್ನು ನಾನು ಪೂರ್ತಿ ನಂಬುವವನಲ್ಲ. ವಾಸನೆ ತರುವುದು ಭಯವನ್ನು. ನೆನಪನ್ನು ನಾವು ಆಮೇಲೆ ಕೂತು ಜೋಡಿಸಿಕೊಳ್ಳುತ್ತೇವೆ ಎಂದು ನನ್ನ ಗುಮಾನಿ. ಆದ್ದರಿಂದ ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ಜೋಡಣೆ, ಎಷ್ಟು ನಡೆದದ್ದು ಎಂದು ಬೇರೆ ಮಾಡಿ ಹೇಳಲಾರೆ.

ಸಂಶೋಧನೆಯ ದಿನಗಳಲ್ಲಿ ನಾನು ತಿರುವನಂತಪುರದ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆಯ ಯಜಮಾನರು, ಅವರ ಹೆಂಡತಿ, ಶಾಲೆಗೆ ಹೋಗುವ ಮಗಳು. ಮೈಸೂರು ಕಡೆಯವರು. ಯಜಮಾನರು ಬಾಹ್ಯಾಕಾಶ ಕೇಂದ್ರದವರು; ಎಂಜಿನ್ನುಗಳ ಪರೀಕ್ಷೆ ನಡೆಯುವಾಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೌಂಟ್‌ಡೌನ್ ಎಣಿಕೆಯ ಮೇಲೆ ಕಣ್ಣಿಟ್ಟು ಕೂರುವುದು ಅವರ ಕೆಲಸ. ನಾನು ಅವರನ್ನು ಸರ್ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಮ್ಮ ಎನ್ನುತ್ತಿದ್ದೆ. ಮಗಳು ಆಗ ಕನ್ನಡದಲ್ಲಿ ಕೇಳಿಸಿಕೊಂಡು ಮಲಯಾಳದಲ್ಲಿ ಉತ್ತರ ಕೊಡುವವಳು. ನಾನು ಅವಳಿಗೆ ‘ಚೇಟ್ಟಾ’, ಎಂದರೆ ಅಣ್ಣ.

ಸರ್‌ಗೆ ಒಂದು ಮಾತು ನಾಲಿಗೆಗೆ ಅಂಟಿತ್ತು. ಹೋಲ್ಡ್. ಅವರ ಕೆಲಸದಲ್ಲಿ ಎಣಿಕೆ ನಡೆಯುತ್ತಿರುವಾಗ ಯಾರಿಗಾದರೂ ಏನಾದರೂ ತಪ್ಪು ಕಂಡರೆ ಹೋಲ್ಡ್ ಎನ್ನಬೇಕಂತೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ಎಲ್ಲರೂ ಗುಂಡಿಗಳ ಮೇಲಿನ ಕೈ ಎತ್ತಬೇಕು. ಪ್ರಶ್ನೆ ಕೇಳುವಂತಿಲ್ಲ. ಮತ್ತೆ ‘ರೆಸ್ಯೂಮ್’ ಎನ್ನುವ ಮಾತು ಬರುವ ತನಕ ಬೆರಳೂ ಅಲುಗಬಾರದು. ಅವರು ಅದನ್ನು ಮನೆಗೂ ತಂದಿದ್ದರು. ರಸ್ತೆ ದಾಟುವಾಗ ನನ್ನ ಎದೆಗೆ ಕೈ ಅಡ್ಡ ಇಟ್ಟು ಹೋಲ್ಡ್ ಎನ್ನುವರು. ಸಾಕೆನಿಸಿದಾಗ ತಟ್ಟೆಯ ಮೇಲೆ ಕೈ ಚಾಚಿಯೂ ಅದೇ ಮಾತು.

“ಇದು ರಾಕೆಟ್ಟಲ್ಲ ರೀ, ಹುರುಳಿಕಾಳಿನ ಸಾರು. ಸಾಕು ಅನ್ನಿ, ಸಾಕು,” ಎನ್ನುವರು ಅಮ್ಮ.

ಸಂಜೆ ಜಗಲಿಯಲ್ಲಿ ಈ ಒಂದು ಮಾತಿನ ಮೇಲೆ ನಮ್ಮ ವಾದ ಶುರುವಾಗುತ್ತಿತ್ತು. ಸಭೆಯನ್ನೂ ಹೋಲ್ಡ್ ಮಾಡುತ್ತಾರೆ, ಅಂದರೆ ನಡೆಸುತ್ತಾರೆ. ಸಂಬಳವನ್ನೂ ಹೋಲ್ಡ್ ಮಾಡುತ್ತಾರೆ, ಅಂದರೆ ನಿಲ್ಲಿಸುತ್ತಾರೆ. ಪಾತ್ರೆ ನೀರನ್ನು ಹೋಲ್ಡ್ ಮಾಡುತ್ತದೆ. ಅಧಿಕಾರವನ್ನು, ಅಭಿಪ್ರಾಯವನ್ನು, ಉಸಿರನ್ನು, ಕೂಸನ್ನು... ಫೋನಿನಲ್ಲಿ ಹೋಲ್ಡ್ ಎಂದರೆ ಹಾಡು ಕೇಳುತ್ತಾ ಕಾಯುವುದು. ನಾನು ಏನಾದರೂ ಪುಸ್ತಕದ ಮಾತು ಆಡಿದರೆ ಸರ್ ನಕ್ಕು, “ನಿನ್ನ ವಾದ ಹೋಲ್ಡ್ ಆಗಲ್ಲ ಕಣಯ್ಯ, ತೂತು ಕೊಡ,” ಎನ್ನುವರು.

“ಎಲ್ಲ ಹಿಡಿಯೋದೇ ತಾನೆ?” ಎಂದು ಅಮ್ಮ ಒಳಗಿನಿಂದ ದನಿ ಸೇರಿಸುವರು. “ಜ್ವರ ಹಿಡಿಯುತ್ತೆ, ತುಕ್ಕು ಹಿಡಿಯುತ್ತೆ, ಮಳೆ ಹಿಡಿಯುತ್ತೆ. ಇವರಿಗೆ ಹೋಲ್ಡ್ ಹಿಡಿದಿದೆ.”

“ಅದೇ ಅಲ್ವೇನೇ ಕಷ್ಟ,” ಎಂದಿದ್ದರು ಸರ್ ಒಮ್ಮೆ. “ನಮಗೆ ಹಿಡಿ ಬೇರೆ, ತಡಿ ಬೇರೆ. ಇಂಗ್ಲಿಷಿನವನು ಎರಡನ್ನೂ ಒಂದೇ ಡಬ್ಬಿಗೆ ಹಾಕಿ ಮುಚ್ಚಿಬಿಟ್ಟಿದ್ದಾನೆ.”

ಹೀಗೆ ಅಂದರೆಂದೇ ನನ್ನ ನೆನಪು. ಆಮೇಲೆ ನಡೆದದ್ದಕ್ಕೆ ಹೊಂದಲಿ ಎಂದು ನಾನೇ ಅವರ ಬಾಯಿಗೆ ಹಾಕಿದ ಮಾತೂ ಇರಬಹುದು.

ಆ ಬೇಸಿಗೆಯಲ್ಲಿ ಹಿತ್ತಲ ಬಾವಿಯ ಮೋಟಾರು ನೀರೆತ್ತುವುದನ್ನು ನಿಲ್ಲಿಸಿತು. ಪೈಪಿನ ತಳದಲ್ಲಿರುವ ವಾಲ್ವಿಗೆ ಏನೋ ಸಿಕ್ಕಿಕೊಂಡಿದೆ ಎಂದು ಸರ್ ತೀರ್ಮಾನಿಸಿದರು. ಬಾವಿ ಕೆಲಸದವನಿಗೆ ಹೇಳಿಕಳಿಸಿದರೂ ಅವನು ಬರಲಿಲ್ಲ. ತಾವೇ ಇಳಿಯುತ್ತೇನೆಂದು ಸೊಂಟಕ್ಕೆ ನಾರಿನ ಹಗ್ಗ ಬಿಗಿದುಕೊಂಡರು. ಅಮ್ಮ ಬೈದರು. ಒಳಗಿನ ಗಾಳಿ ಸರಿಯಿದೆಯೇ ಎಂದು ನೋಡಲು ಮೊದಲು ಒಂದು ದೀಪ ಇಳಿಬಿಟ್ಟದ್ದು ನೆನಪಿದೆ. ಅದು ತಳದ ತನಕ ಉರಿಯಿತೇ... ಉರಿಯಿತು ಎಂದೇ ಅಂದುಕೊಂಡಿದ್ದೇನೆ.

ಗೋಡೆಗೆ ಹುಗಿದ ಕಬ್ಬಿಣದ ಮೆಟ್ಟಿಲುಗಳ ಮೇಲೆ ಕಾಲಿಡುತ್ತಾ ಅವರು ಇಳಿದರು. ಹಗ್ಗವನ್ನು ರಾಟೆಯ ಕಂಬಕ್ಕೆ ಒಂದು ಸುತ್ತು ಹಾಕಿ ನಾನು ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದೆ. ನಡುನೆತ್ತಿಯ ಬಿಸಿಲು ಕಣ್ಣಿಗೆ ಕುಕ್ಕುತ್ತಿದ್ದುದರಿಂದ ಬಾವಿಯೊಳಗೆ ಬಗ್ಗಿ ನೋಡಿದರೆ ಬರೀ ಕಪ್ಪು. ಕೆಳಗಿನಿಂದ ಒಂದು ಮಾತು ಬಂತು. ಬಾವಿಯ ಗೋಡೆಗೆ ಬಡಿದು, ಉರುಟಾಗಿ, ಕೊನೆ ಮಾತ್ರ ಉಳಿದು ಮೇಲೆ ಬಂತು.

ನನಗೆ ಕೇಳಿಸಿದ್ದು ಹೋಲ್ಡ್. ನಾನು ಹಗ್ಗ ಬಿಡುವುದನ್ನು ನಿಲ್ಲಿಸಿ ನಿಂತೆ.

ಇನ್ನೊಂದು ಮಾತಿಗೆ ಕಾದೆ. ಬರಲಿಲ್ಲ. ಅವರೇ ಕಲಿಸಿದಂತೆ ಬೆರಳೂ ಅಲುಗಿಸದೆ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಹಗ್ಗದ ಭಾರ ನಿಧಾನವಾಗಿ ಹೆಚ್ಚುತ್ತಿದೆ ಎನಿಸಿತು. ಆಮೇಲೆ, ಇಲ್ಲ, ನನ್ನ ಕೈ ಸೋಲುತ್ತಿದೆ ಎನಿಸಿತು. ಸರ್ ಎಂದು ಕೂಗಿದೆ. ನನ್ನ ಕೂಗೇ ತಿರುಗಿ ಬಂತು. ಹಗ್ಗ ಬಿಗಿ ಹಿಡಿದರೆ ಅವರ ಕೆಲಸ ಕೆಡುತ್ತದೆ, ಬಿಟ್ಟರೆ ಅವರು ಹೋಗುತ್ತಾರೆ, ಎಳೆದರೆ ಮೆಟ್ಟಿಲಿಗೆ ತಲೆ ಬಡಿಯುತ್ತದೆ. ನನ್ನ ಓದೆಲ್ಲ ಆ ಮೂರರ ನಡುವೆ ಸುತ್ತುತ್ತಿತ್ತು.

ಅಮ್ಮ ಹಿತ್ತಲಿಗೆ ಬಂದರು. “ಏನಂದ್ರು?”

“ಹೋಲ್ಡ್ ಅಂದ್ರು, ಅಮ್ಮ.”

“ಹೋಲ್ಡೂ ಇಲ್ಲ ಏನೂ ಇಲ್ಲ. ಹಿಡಿ ಅಂದ್ರು. ನನಗೆ ಅಡುಗೆಮನೆಗೇ ಕೇಳಿಸ್ತು. ಎಳಿ.”

ನಾನು ಇನ್ನೂ ನಿಂತೇ ಇದ್ದೆನೇನೋ. ಅವರೇ ಹಗ್ಗಕ್ಕೆ ಕೈ ಹಾಕಿದರು. ಪಕ್ಕದ ಮನೆಯ ಆಟೋದವನು ಬೇಲಿ ಹಾರಿ ಓಡಿ ಬಂದು ಮಲಯಾಳದಲ್ಲಿ “ಪಿಡಿ, ಪಿಡಿ” ಎನ್ನುತ್ತಾ ಮುಂದೆ ನಿಂತ. ಮೂವರೂ ಎಳೆದೆವು. ಸರ್ ತಲೆ ಜೋಲುಬಿಟ್ಟುಕೊಂಡು ಮೇಲೆ ಬಂದರು. ತುಟಿ ನೀಲಿಯಾಗಿತ್ತು. ಕಟ್ಟೆಗೆ ಒರಗಿಸಿದ ಮೇಲೆ ವಾಂತಿ ಮಾಡಿ, ಕಣ್ಣು ಬಿಟ್ಟು, ನನ್ನನ್ನೇ ನೋಡಿದರು.

“ರೆಸ್ಯೂಮ್ ಯಾರು ಹೇಳಿದ್ದು?”

ಅಮ್ಮ ಸೆರಗಿನಿಂದ ಅವರ ಬಾಯಿ ಒರೆಸಿದರು.

ಆ ದಿನದ ಮಾತು ಮನೆಯಲ್ಲಿ ಬಂದಾಗಲೆಲ್ಲ ಅದು ಮೂರು ಬಗೆಯಾಗಿರುತ್ತಿತ್ತು. ನನಗೆ ಹೋಲ್ಡ್. ಅಮ್ಮನಿಗೆ ಹಿಡಿ. ಸರ್ ಮಾತ್ರ ಕೊನೆಯ ತನಕ, “ನಾನು ತಡಿ ಅಂದೆ. ವಾಲ್ವ್ ಕೈಗೆ ಸಿಕ್ಕಿತ್ತು. ನೀವು ಸುಮ್ಮನೆ ಎಳೆದಿರಿ,” ಎಂದೇ ಹೇಳುತ್ತಿದ್ದರು. ಗಾಳಿ ಸಾಲದೆ ಮಂಪರಿಗೆ ಜಾರುತ್ತಿದ್ದ ಮನುಷ್ಯನಿಗೆ ತಾನು ಏನೆಂದೆನೆಂದು ಗೊತ್ತಿರುತ್ತದೆಯೇ? ಹಗ್ಗದ ಈ ತುದಿ ಹಿಡಿದು ನಿಂತಿದ್ದ ನನಗೆ ಕೇಳಿಸಿದ್ದೂ ನಂಬಿಕೆಗೆ ತಕ್ಕದ್ದಲ್ಲ.

ನಾನು ಕೆಲಸ ಸಿಕ್ಕಿ ಕೊಚ್ಚಿಗೆ ಬಂದೆ. ಅಮ್ಮ ತೀರಿಕೊಂಡರು. ಮಗಳು ಬ್ಯಾಂಕಿನ ಕೆಲಸಕ್ಕೆ ಸೇರಿ ತ್ರಿಪ್ಪುಣಿತ್ತುರದಲ್ಲಿ ಫ್ಲ್ಯಾಟು ಮಾಡಿ ಅಪ್ಪನನ್ನು ಕರೆತಂದಳು. ಮೆಟ್ರೊ ಹತ್ತಿ ಕೊನೆಯ ಸ್ಟೇಷನ್ನಿನಲ್ಲಿ ಇಳಿದು ನಾನು ಆಗಾಗ ಹೋಗುತ್ತಿದ್ದೆ. ಸರ್‌ಗೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ. ಎರಡು ಮಾತಿನ ನಡುವೆ ಮೂಗಿನ ನಳಿಗೆಯಿಂದ ಉಸಿರು ತೆಗೆದುಕೊಳ್ಳಬೇಕು. ವಾದ ಮಾಡಲು ಆಗುತ್ತಿರಲಿಲ್ಲ. ಅದಕ್ಕೇ ನಾನೂ ಬೇಗ ಎದ್ದು ಬರುತ್ತಿದ್ದೆ.

ಫೋನು ಬಂದಾಗ ನಾನು ವೈಟ್ಟಿಲದ ಬಸ್‌ ನಿಲ್ದಾಣದಲ್ಲಿದ್ದೆ. ಬೆಳಗಿನ ಜನ. ಕಂಡಕ್ಟರುಗಳ ಕೂಗಿನ ನಡುವೆ ಸರ್ ಮಗಳ ದನಿ.

“ಚೇಟ್ಟಾ, ಅಪ್ಪನಿಗೆ ಸೀರಿಯಸ್. ಗಂಟಲಿಗೆ ಟ್ಯೂಬ್ ಹಾಕಿ ಮೆಷೀನ್ ಇಡಬೇಕಾ ಅಂತ ಡಾಕ್ಟರ್ ಕೇಳ್ತಾ ಇದಾರೆ. ಹಾಕಿದ್ರೆ ತೆಗೆಯೋಕೆ ಆಗುತ್ತೆ ಅಂತ ಗ್ಯಾರಂಟಿ ಇಲ್ಲ. ಈಗಲೇ ಹೇಳಬೇಕಂತೆ.”

“ಸರ್ ಏನಂತಾರೆ?”

“ಕೇಳಿದೆ. ಹೋಲ್ಡ್ ಅಂದ್ರು. ಅಷ್ಟೇ. ಪಿನ್ನೆ ಒನ್ನುಮಿಲ್ಲ, ಮಾತೇ ಇಲ್ಲ. ಕೈ ಎತ್ತಿದ್ರು.”

“ಹೇಗೆ ಎತ್ತಿದ್ರು? ನಿಲ್ಲಿಸು ಅನ್ನೋ ಹಾಗಾ, ಕೊಡು ಅನ್ನೋ ಹಾಗಾ?”

“ಗೊತ್ತಿಲ್ಲ ಚೇಟ್ಟಾ. ನಾನು ನೋಡಲಿಲ್ಲ. ಹಿಡ್ಕೊಂಡುಬಿಟ್ಟೆ. ಬೇಡ ಅಂದಿದ್ದಾ? ಬೇಕು ಅಂದಿದ್ದಾ? ಅಪ್ಪನ ಹೋಲ್ಡ್ ನಿಮಗಲ್ವಾ ಗೊತ್ತಿರೋದು. ಅಮ್ಮ ಇಲ್ಲ.”

ಬೆನ್ನ ಹಿಂದೆ ಆಲಪ್ಪುಳದ ಬಸ್ಸು ಹೊರಡುತ್ತಿತ್ತು. ಅವರ ಕಸುಬಿನ ಲೆಕ್ಕ ಹಿಡಿದರೆ ಅದು ‘ನಿಲ್ಲಿಸಿ, ಯಾರೂ ಏನೂ ಮುಟ್ಟಬೇಡಿ’ ಎಂದು. ಜಗಲಿಯ ತಮಾಷೆಯಾಚೆ ಅವರು ಆ ಮಾತನ್ನು ಬೇರೆ ಅರ್ಥದಲ್ಲಿ ಬಳಸಿದ್ದನ್ನು ನಾನು ಕಂಡಿರಲಿಲ್ಲ, ಬಾವಿಯ ದಿನ ಒಂದನ್ನು ಬಿಟ್ಟರೆ. ಆ ದಿನವೂ ಏನೆಂದರೋ. ಪುರಾವೆ ಏನಿದ್ದರೂ ಒಂದು ಕಡೆಗೇ ವಾಲುತ್ತಿತ್ತು. ನಾನು ಇನ್ನೊಂದನ್ನು ಹೇಳಿದೆ.

“ಹಿಡ್ಕೋ ಅಂದಿದ್ದಾರೆ.”

“ಶ್ಯೂರ್?”

“ಹೂಂ.”

ಟ್ಯೂಬು ಹಾಕಿದರು. ಗಾಜಿನಾಚೆಯಿಂದ ನಾನು ನೋಡಿದ ಮನುಷ್ಯನ ಎದೆ ಮೆಷೀನಿನ ತಾಳಕ್ಕೆ ಏರಿ ಇಳಿಯುತ್ತಿತ್ತು. ಎರಡು ಕೈಗಳನ್ನೂ ಮಂಚಕ್ಕೆ ಸಡಿಲವಾಗಿ ಕಟ್ಟಿದ್ದರು. ನಳಿಗೆ ಕಿತ್ತುಕೊಳ್ಳಬಾರದೆಂದು ಎಲ್ಲರಿಗೂ ಹಾಗೆ ಕಟ್ಟುತ್ತಾರಂತೆ. ಎಲ್ಲರೂ ಕೀಳಲು ನೋಡುತ್ತಾರೆಯೇ ಎಂದು ನರ್ಸನ್ನು ಕೇಳಬೇಕೆನಿಸಿತು. ಉತ್ತರಕ್ಕೆ ಹೆದರಿ ಕೇಳಲಿಲ್ಲ. ಮಗಳು ಒಳಗೆ ಬಿಟ್ಟಾಗಲೆಲ್ಲ ಅವರ ಕೈ ಹಿಡಿದು ಕೂರುತ್ತಿದ್ದಳು. ಹೊರಗೆ ಬಂದು, “ಅಪ್ಪ ಬೆರಳು ಒತ್ತಿದ್ರು,” ಎನ್ನುತ್ತಿದ್ದಳು. ಪ್ರಜ್ಞೆ ಇಲ್ಲದವರ ಬೆರಳೂ ಹಾಗೆ ಮಡಚಿಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು. ಅವರು ಮಾತಿಗೆ ಮರಳಲಿಲ್ಲ. ಮೆಷೀನಿನ ಮೇಲೆಯೇ ಹೋದರು.

ಅಂದಿನಿಂದ ಅವಳ ಹೆಸರು ಫೋನಿನಲ್ಲಿ ಮೂಡಿದರೆ ನಾನು ಎರಡು ರಿಂಗ್ ಬಿಟ್ಟೇ ಎತ್ತುತ್ತೇನೆ. ಆ ಬೆಳಿಗ್ಗೆ ನಿಮಗೆ ನಿಜವಾಗಿ ಗೊತ್ತಿತ್ತಾ ಎಂದು ಇವತ್ತೇ ಕೇಳಿಬಿಡುತ್ತಾಳೆ ಎಂದು. ಅವಳು ಕೇಳುವುದು ಬೇರೇನೋ ಇರುತ್ತದೆ: ಹುಳಿಪುಡಿ ಎಲ್ಲಿ ಸಿಗುತ್ತದೆ, ಅಪ್ಪನ ಕನ್ನಡ ಪುಸ್ತಕಗಳು ನಿಮಗೆ ಬೇಕಾ.

ನಿನ್ನೆ ಬಾವಿಯ ಕಥೆ ಕೇಳಿದಳು. ಅಮ್ಮ ಹೇಳಿದ್ದು ಅರ್ಧ ಮರೆತಿದೆಯಂತೆ. ಹೇಳಿದೆ. ಹಗ್ಗ, ಬಿಸಿಲು, ಆಟೋದವನು. ಕೆಳಗಿನಿಂದ ದನಿ ಬಂದ ಜಾಗಕ್ಕೆ ಬಂದಾಗ, “ಹಿಡಿ ಅಂದ್ರು,” ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಅನಿಸಲೇ ಇಲ್ಲ. ಮಾತು ತಾನಾಗಿ ಬಂತು. ಹೋಲ್ಡ್ ಎಂದು ಕೇಳಿಸಿದ್ದನ್ನು ಮನಸ್ಸಿನಲ್ಲಿ ಹುಡುಕಿ ನೋಡಿದೆ. ಹಾಗೆಂದು ನಾನು ವರ್ಷಗಟ್ಟಲೆ ವಾದಿಸಿದ್ದು ನೆನಪಿತ್ತು. ಕೇಳಿಸಿದ್ದು ನೆನಪಿರಲಿಲ್ಲ.

“ಅಪ್ಪ ಹೇಳಿದ ಹಾಗೇ ಹೇಳಿ, ಚೇಟ್ಟಾ. ಒಂದ್ಸಲ.”

ಗಂಟಲು ಸರಿಮಾಡಿಕೊಂಡು, “ಹಿಡಿ,” ಎಂದೆ.

“ಅಪ್ಪನ ದನಿ ಹಾಗಿರಲಿಲ್ಲ,” ಎಂದಳು.