ಟಯರಿನ ಒಳಮೈ ತಡವುವ ಜಾನಿಸ್

ಬೆಳಗಿನ ಐದೂವರೆ. ಲಿಂಕನ್‌ಶೈರಿನ ಹಳೆಯ ವಾಯುನೆಲೆಯ ರನ್‌ವೇ ಮೇಲೆ ಜಾನಿಸ್ ಬ್ರಾಕಲ್ಸ್‌ಬಿ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಬಕೆಟ್ಟು. ಯುದ್ಧಕಾಲದಲ್ಲಿ ಬಾಂಬರ್ ವಿಮಾನಗಳು ಏರುತ್ತಿದ್ದ ಈ ಕಾಂಕ್ರೀಟಿನಿಂದ ಈಗ ಏರುವುದು ಟಿಟ್ಟಿಭ ಹಕ್ಕಿ ಮಾತ್ರ. ಜಾನಿಸ್ ನಿಲ್ಲುತ್ತಾರೆ, ಬಗ್ಗುತ್ತಾರೆ, ಏನನ್ನೋ ಹೆಕ್ಕಿ ಬಕೆಟ್ಟಿಗೆ ಹಾಕುತ್ತಾರೆ. ಟಣ್ ಎಂದು ಸದ್ದಾಗುತ್ತದೆ.

"ಬೋಲ್ಟು. ರಾತ್ರಿ ಯಾವುದೋ ಬೀಟ್‌ಗಡ್ಡೆ ಹೇರಿದ ಟ್ರಾಕ್ಟರ್ ಅಡ್ಡದಾರಿ ಹಿಡಿದಿರಬೇಕು, ಮರಿ" ಎಂದು ಜೊತೆಗೆ ನಡೆಯುತ್ತಿರುವ ನನಗೆ ಹೇಳುತ್ತಾರೆ. ಇಪ್ಪತ್ತರವರಿಗೂ ಎಪ್ಪತ್ತರವರಿಗೂ ಅವರು ಬಳಸುವುದು ಇದೇ 'ಮರಿ'.

ಒಂಬತ್ತು ಗಂಟೆಗೆ ಕ್ಯಾಮೆರಾದವರು ಬರುತ್ತಾರೆ. ಇಲ್ಲಿ ಚಿತ್ರೀಕರಣವಾಗುವುದು 'ವೀಲ್ಸ್ ಅಂಡ್ ವೆದರ್', ಭಾನುವಾರ ಸಂಜೆ ಊಟದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಮನೆಮಂದಿಯೆಲ್ಲ ನೋಡುವ ಕಾರಿನ ಕಾರ್ಯಕ್ರಮ. ಒಂಬತ್ತನೇ ಸೀಸನ್ ಕಳೆದ ವಾರ ಮುಗಿದಿದೆ. ಉಳಿದಿರುವುದು ಒಂದಷ್ಟು ಬಿಡಿ ದೃಶ್ಯಗಳು. ನಿರೂಪಕ ಡಂಕನ್ ಫ್ಯಾರೆಲ್ಲನ ಮುಖವನ್ನು ಪೆಟ್ರೋಲ್ ಬಂಕಿನಲ್ಲೂ ಗುರುತಿಸುತ್ತಾರೆ. ಅವನು ಓಡಿಸುವ ಪ್ರತಿ ಕಾರಿನ ಪ್ರತಿ ಟಯರನ್ನೂ ಮುಟ್ಟಿ ನೋಡಿ ಸಹಿ ಹಾಕುವ ಅರವತ್ತೊಂದರ ಜಾನಿಸ್‌ರನ್ನು ಗುರುತಿಸುವವರು ಊರಿನ ಮೀನಂಗಡಿಯವರು ಮಾತ್ರ.

ಒಂದೂಕಾಲು ಮೈಲಿಯ ರನ್‌ವೇಯನ್ನು ಪಟ್ಟೆ ಪಟ್ಟೆಯಾಗಿ ನಾಲ್ಕು ಸಲ ನಡೆದರೆ ಬೆಳಗಿನ ಐದು ಮೈಲಿ ಆಯಿತು. ಸೀಸನ್ನಿಗೆ ಹತ್ತು ಕಂತು, ಮೂವತ್ತೆರಡು ದಿನಗಳ ಚಿತ್ರೀಕರಣ, ದಿನಕ್ಕೆ ಐದಾರು ಕಾರು. ಒಂದೊಂದು ಟಯರನ್ನೂ ಓಟಕ್ಕೆ ಮುಂಚೆ, ಓಟದ ನಂತರ ತಡವಬೇಕು. ಜಾನಿಸ್ ಕೈಗವಸು ಹಾಕುವುದಿಲ್ಲ. ಅದಕ್ಕೊಂದು ಹಿನ್ನೆಲೆಯಿದೆ. ಇದಕ್ಕೂ ಮುಂಚೆ ಅವರು ಬಸ್ ಡಿಪೋ ಒಂದರಲ್ಲಿ ಇಪ್ಪತ್ಮೂರು ವರ್ಷ ಟಯರ್ ಜೋಡಿಸುತ್ತಿದ್ದರು. ಅಲ್ಲಿದ್ದ ಒಬ್ಬಳೇ ಹೆಂಗಸು. ಮೊದಲ ತಿಂಗಳು ಗಂಡಸರು ಸೇರಿ ಅವರ ಕೈಗವಸು ಬಚ್ಚಿಡುತ್ತಿದ್ದರಂತೆ.

"ಅಳ್ತಾಳೆ, ಬಿಟ್ಟು ಹೋಗ್ತಾಳೆ ಅಂತಿದ್ರು. ನಾನು ಬರಿಗೈಲೇ ಮಾಡ್ದೆ. ಆಮೇಲೆ ಗವಸು ವಾಪಸ್ ಕೊಟ್ರು, ನಂಗೇ ಬೇಡವಾಗಿತ್ತು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತೆ" ಎನ್ನುತ್ತಾರೆ. ಆ ವರ್ಷಗಳು ಎಡಗೈ ಹೆಬ್ಬೆರಳನ್ನು ತಿಂದಿವೆ. ಅದು ಈಗ ಪೂರ್ತಿ ಮಡಚುವುದಿಲ್ಲ. ಡಿಪೋ ಮುಚ್ಚಿದ ವರ್ಷವೇ ಕಾರ್ಯಕ್ರಮ ಶುರುವಾಯಿತು, ಜಾನಿಸ್ ಇಲ್ಲಿಗೆ ಬಂದರು.

ಈ ಸೀಸನ್ನಿನ ಆರನೇ ಕಂತಿನಲ್ಲಿ ಅವರ ಕೆಲಸ ಹೋಗಿಯೇಬಿಟ್ಟಿತ್ತು.

ಅಂದು ಹಾರ್ಗ್ರೀವ್ ಎಂಬ ಸಂಗ್ರಾಹಕರ ಅಪರೂಪದ ಕಾರು ಟ್ರೇಲರಿನಿಂದ ಇಳಿಯಿತು. ಮಧ್ಯಾಹ್ನ ಅದು ವಾಪಸು ಹೋಗಬೇಕು, ಹನ್ನೊಂದಕ್ಕೆ ಮಳೆ ಎಂದು ಮುನ್ಸೂಚನೆ. ಡಂಕನ್ ಅದನ್ನು ನೂರೈವತ್ತು ಮೈಲಿ ವೇಗಕ್ಕೆ ಒಯ್ಯಬೇಕಿತ್ತು, ಇಡೀ ಕಂತು ನಿಂತಿದ್ದೇ ಅದರ ಮೇಲೆ. ಜಾನಿಸ್ ಹಿಂದಿನ ಎಡ ಟಯರಿನ ಒಳಮೈ ತಡವುತ್ತಿದ್ದವರು ಒಂದು ಕಡೆ ಕೈ ನಿಲ್ಲಿಸಿದರು. ಕಡಲೆಕಾಳಿನಷ್ಟು ಉಬ್ಬು.

"ಹೊಸ ಟಯರ್ ರೀ ಅದು. ಮುನ್ನೂರು ಮೈಲಿನೂ ಓಡಿಲ್ಲ" ಎಂದರು ಹಾರ್ಗ್ರೀವ್.

"ಓಡಿಲ್ಲ, ಒಪ್ಪಿದೆ. ಹುಟ್ಟಿದ್ದು ಯಾವಾಗ? ಇಲ್ಲೇ ಅಚ್ಚು ಹಾಕಿದಾರೆ ನೋಡಿ, ಹನ್ನೊಂದು ವರ್ಷ ಆಗಿದೆ. ತಿನ್ನದೇ ಇಟ್ರೆ ಬ್ರೆಡ್ಡು ಹೊಸದಾಗೇ ಇರುತ್ತಾ?"

ಡಂಕನ್ ಹೆಲ್ಮೆಟ್ ಹಿಡಿದು ಬಂದ. "ಅದು ಟಯರು ಜಾನಿಸ್, ನಿಮ್ಮಜ್ಜಿ ಅಲ್ಲ. ವಯಸ್ಸು ಯಾಕೆ ಕೇಳ್ತೀರಿ?"

ಸುತ್ತಲಿದ್ದವರು ನಕ್ಕರು. "ನಮ್ಮಜ್ಜೀನ ನಾನು ನೂರೈವತ್ತು ಮೈಲಿ ಸ್ಪೀಡಲ್ಲಿ ಓಡಿಸ್ತಿರಲಿಲ್ಲ, ಮರಿ" ಎಂದರು ಜಾನಿಸ್. ನಗು ಇನ್ನೂ ಜೋರಾಯಿತು, ಆದರೆ ನಿರ್ಮಾಪಕಿ ಫಿಲಿಪ್ಪಾ ಮಾಸ್ ನಗಲಿಲ್ಲ. ಆ ಅಳತೆಯ ಟಯರು ಅಂದೇ ಬೇರೆಲ್ಲೂ ಸಿಗುವಂತಿರಲಿಲ್ಲ.

"ಸಹಿ ಹಾಕಿ, ಜಾನಿಸ್."

"ಹಾಕಲ್ಲ."

"ಸರಿ, ನಾನೇ ಹಾಕ್ತೀನಿ. ಡಂಕನ್, ಹತ್ತು."

ಡಂಕನ್ ಕಾರು ಹತ್ತಿ ಬೆಲ್ಟ್ ಕಟ್ಟಿಕೊಂಡ. ಜಾನಿಸ್ ಮಂಡಿಯೂರಿ, ಜೇಬಿನ ಪುಟ್ಟ ಸಲಕರಣೆಯಿಂದ ಆ ಟಯರಿನ ವಾಲ್ವಿನ ಪಿನ್ನು ತಿರುಗಿಸಿ ತೆಗೆದರು. ಉಸ್ಸೆಂದು ಗಾಳಿ ಹೋಯಿತು. ಕಾರು ಒಂದು ಪಕ್ಕಕ್ಕೆ ಕುಸಿದು ಕೂತಿತು. ಹಾರ್ಗ್ರೀವ್ ಕೂಗಾಡಿದರು. ಫಿಲಿಪ್ಪಾ ದನಿ ಏರಿಸದೆ ಎರಡೇ ಪದ ಹೇಳಿದರು: "ಮನೆಗೆ ಹೋಗಿ."

"ತಪ್ಪೇ ಅದು" ಎಂದು ಜಾನಿಸ್ ಈಗಲೂ ಒಪ್ಪಿಕೊಳ್ಳುತ್ತಾರೆ. "ಬೇರೆಯವರ ವಸ್ತು, ನಾನು ಕೈ ಹಾಕಬಾರದಿತ್ತು. ಆದ್ರೆ ಬಾಯಿಮಾತು ಯಾರೂ ಕೇಳ್ತಿರಲಿಲ್ಲ."

ಆ ಟಯರು ಸಿಡಿಯುತ್ತಿತ್ತೇ? ಗೊತ್ತಿಲ್ಲ. ಹಾರ್ಗ್ರೀವ್ ಕಾರನ್ನು ಟ್ರೇಲರಿಗೇರಿಸಿಕೊಂಡು ಹೋದರು, ಆಮೇಲೆ ಅದರ ಸುದ್ದಿಯಿಲ್ಲ. ಜಾನಿಸ್ ಮಾಡಿದ್ದು ಸರಿ ಎಂದು ತೋರಿಸುವ ಪುರಾವೆ ಯಾವ ಗ್ಯಾರೇಜಿನಲ್ಲೂ ಇಲ್ಲ.

ಮುಂದಿನ ಎರಡು ಕಂತುಗಳಿಗೆ ಬೇರೊಬ್ಬ ಮೆಕ್ಯಾನಿಕ್ ಬಂದ. ಒಳ್ಳೆಯ ಕೆಲಸಗಾರ, ಜಾನಿಸ್ ಕೂಡ ಹಾಗೇ ಹೇಳುತ್ತಾರೆ. ಅವರು ಮನೆಯಲ್ಲಿ ಕೂತು ಗಂಡ ಕೀತ್ ಜೊತೆ ಕಾರ್ಯಕ್ರಮ ನೋಡಲು ಹೋಗಿ ಅರ್ಧಕ್ಕೇ ಎದ್ದರು. "ಇವಳು ಡಂಕನ್ ಮುಖ ಒಂದು ಸಲಾನೂ ನೋಡಲಿಲ್ಲ, ಬರೀ ಚಕ್ರ ನೋಡ್ತಿದ್ಲು. ನಂಗೂ ಏನೂ ಅರ್ಥ ಆಗದ ಹಾಗೆ ಮಾಡಿದ್ಲು" ಎಂದು ಕೀತ್ ನಗುತ್ತಾರೆ.

ಅತ್ತ ಡಂಕನ್ನನ ಓಟ ನಿಧಾನವಾಗತೊಡಗಿತು. ಎರಡು ಕಂತುಗಳಲ್ಲೂ ವಾಯುನೆಲೆಯನ್ನು ಒಂದು ಸುತ್ತು ಹಾಕಲು ಅವನಿಗೆ ಹಿಂದಿಗಿಂತ ಎರಡು ಸೆಕೆಂಡು ಹೆಚ್ಚು ಬೇಕಾಯಿತು. ವಯಸ್ಸಾಯಿತೇ ಎಂದು ವೀಕ್ಷಕರು ಪತ್ರ ಬರೆದರು. ಒಂದು ಗುರುವಾರ ಅವನು ತನ್ನ ಹಳೆಯ ಕಾರಿನಲ್ಲಿ ಜಾನಿಸ್ ಮನೆ ಬಾಗಿಲಿಗೆ ಬಂದ. ಬಾಗಿಲು ತೆರೆದ ಜಾನಿಸ್ ಅವನನ್ನು ದಾಟಿ ರಸ್ತೆಯತ್ತ ನೋಡಿದರು.

"ಮುಂದಿನ ಎಡಗಡೇದಕ್ಕೆ ಗಾಳಿ ಕಮ್ಮಿ ಇದೆ."

"ಗೊತ್ತು... ಇಲ್ಲ, ಗೊತ್ತಿರಲಿಲ್ಲ" ಎಂದ ಡಂಕನ್. ಅಡುಗೆಮನೆಯಲ್ಲಿ ಚಹಾ ಲೋಟವನ್ನು ಪಕ್ಕಕ್ಕೆ ಸರಿಸಿ ಹೇಳಿದ. "ಆ ಕೊನೇ ತಿರುವಲ್ಲಿ ಬ್ರೇಕ್ ಬೇಗ ಒತ್ತಿಬಿಡ್ತೀನಿ ಜಾನಿಸ್. ಬೇಡ ಅಂದ್ರೂ ಕಾಲು ಕೇಳಲ್ಲ. ಇಷ್ಟು ವರ್ಷ ನಾನು ಧೈರ್ಯಸ್ಥ ಅಂದ್ಕೊಂಡಿದ್ದೆ, ಧೈರ್ಯ ಇದ್ದಿದ್ದು ನಿಮ್ಮ ಸಹೀಲಿ. ಬನ್ನಿ, ಫಿಲಿಪ್ಪಾ ಹತ್ರ ಮಾತಾಡಿದೀನಿ."

ಜಾನಿಸ್ ಕ್ಷಮೆ ಕೇಳಲಿಲ್ಲ, ಬೇರೆಯವರು ತಮ್ಮ ಕ್ಷಮೆ ಕೇಳಬೇಕೆಂದೂ ಹೇಳಲಿಲ್ಲ. ಒಂದು ಷರತ್ತು ಹಾಕಿದರು: ದಿನದ ವೇಳಾಪಟ್ಟಿಯಲ್ಲಿ ಟಯರಿಗೆಂದು ಅರ್ಧ ಗಂಟೆ ಬರೆದಿಡಬೇಕು, ತಮ್ಮ ಸಹಿ ಇಲ್ಲದೆ ಕಾರು ಚಾಲೂ ಮಾಡಬಾರದು. ಫಿಲಿಪ್ಪಾ ಎರಡು ದಿನ ಯೋಚಿಸಿ ಒಪ್ಪಿದರು. "ನಂಗೆ ಇನ್ನೂ ಸಿಟ್ಟಿದೆ. ಆದರೆ ಅವತ್ತು ಆ ಹಾಳೆ ಮೇಲೆ ನನ್ನ ಹೆಸರು ಬರೆಯೋಕೆ ಹೊರಟಿದ್ದೆನಲ್ಲ, ಅದನ್ನ ನೆನೆಸಿಕೊಂಡ್ರೆ ಈಗಲೂ ನಿದ್ದೆ ಬರಲ್ಲ" ಎಂದು ಅವರು ನನಗೆ ಹೇಳಿದರು. ಒಂಬತ್ತನೇ ಕಂತಿಗೆ ಜಾನಿಸ್ ಮರಳಿದರು. ಡಂಕನ್ ಹಳೆಯ ಸಮಯಕ್ಕೆ ಮರಳಲು ಆ ಕಂತು ಸಾಲಲಿಲ್ಲ. ಹತ್ತನೆಯದರಲ್ಲಿ ಮರಳಿದ.

ಮುಂದಿನ ಸೀಸನ್ನಿಗೆ ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಜಾನಿಸ್ ಬಕೆಟ್ಟು ಕೆಳಗಿಡುತ್ತಾರೆ. "ಎರಡೇ ನಿಮಿಷ ಕೊಡಿ ಅಂತ ಕೇಳಿದೀನಿ. ಮನೇಲಿ ಕೂತವರು ಎದ್ದು ಹೋಗಿ ಅವರವರ ಟಯರ್ ಹೇಗೆ ನೋಡ್ಕೋಬೇಕು ಅಂತ ತೋರಿಸೋಕೆ. ಬೋರ್ ಹೊಡೆಯುತ್ತೆ ಅಂತಾರೆ. ಹೊಡೆಯುತ್ತೆ, ನಿಜ."

ಆಗಲೇ ಮೊದಲ ಕಾರು ಬಂದು ನಿಲ್ಲುತ್ತದೆ. ಜಾನಿಸ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅದರ ಪಕ್ಕ ಮಂಡಿಯೂರುತ್ತಾರೆ.

"ಒಂಬತ್ತು ಸೀಸನ್ನು ಮರಿ. ನಾನು ಸಹಿ ಹಾಕಿ ಬಿಟ್ಟ ಟಯರಿನ ಬಗ್ಗೆ ನಿಂಗೆ ಹೇಳೋಕೆ ಒಂದೇ ಒಂದು ಕಥೇನೂ ಇಲ್ಲ."