ತೊಟ್ಟಿಯ ಮೇಲಿನ ನೊರೆ

ಮರಗಪ್ಪೆಯನ್ನು ಹೊಗಳುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಾನು ಕೆಲಸಕ್ಕೆ ಹೋಗುವ, ಕೊಪ್ಪದ ಹತ್ತಿರದ ನಾರ್ವೆ ಊರಿನ ಅಡಿಕೆ ತೋಟದಲ್ಲಿ ಯಜಮಾನರು ಒಂದು ಹೋಮ್‌ಸ್ಟೇ ಮಾಡಿದ್ದಾರೆ. ಮಳೆಗಾಲ ಬಂತೆಂದರೆ ಕ್ಯಾಮೆರಾ ಹೊತ್ತವರು ಬರುತ್ತಾರೆ. ಈ ಸಲದ ಆಷಾಢದಲ್ಲಿ ಬಂದಿದ್ದ ಒಬ್ಬರು, ಔಷಧಿ ತೊಟ್ಟಿಯ ಮೇಲೆ ಬಾಗಿದ ಪೇರಳೆ ಕೊಂಬೆಯಲ್ಲಿ ಅಂಟಿಕೊಂಡಿದ್ದ ಬಿಳಿ ನೊರೆಯ ಮುದ್ದೆಗಳನ್ನು ತೋರಿಸಿ ನನಗೇ ಪಾಠ ಮಾಡಿದರು. ಕಪ್ಪೆ ಜಾತಿ ನೀರು ಬಿಟ್ಟು ನೆಲಕ್ಕೆ ಬಂತಂತೆ, ಇದು ಇನ್ನೂ ಮುಂದೆ ಹೋಗಿ ಮರವನ್ನೇ ಹತ್ತಿತಂತೆ. ಹೆಣ್ಣು ಹಿಂಗಾಲಿನಲ್ಲಿ ಲೋಳೆಯನ್ನು ಮಜ್ಜಿಗೆ ಕಡೆದ ಹಾಗೆ ಕಡೆದು, ನೊರೆ ಎಬ್ಬಿಸಿ, ಅದರೊಳಗೆ ಮೊಟ್ಟೆ ಇಡುತ್ತದಂತೆ. ಇಷ್ಟು ಕಲಿಯಲು ಕೋಟ್ಯಂತರ ವರ್ಷ ಬೇಕಾಯಿತಂತೆ.

ನಾನು ಅರ್ಧ ಕೇಳಿದೆ, ಅರ್ಧ ಬಿಟ್ಟೆ. ಕೋಟ್ಯಂತರ ವರ್ಷ ಕಲಿತು ಬಂದ ಪ್ರಾಣಿ ಮೊಟ್ಟೆ ಇಟ್ಟದ್ದು ಎಲ್ಲಿ? ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕದಡುವ ಸಿಮೆಂಟು ತೊಟ್ಟಿಯ ಮೇಲೆ. ಮೊದಲ ಔಷಧಿ ಹೊಡೆದಾದ ಮೇಲೆ ತೊಟ್ಟಿಯಲ್ಲಿ ಮಳೆ ನೀರು ನಿಲ್ಲುತ್ತದೆ. ಕಪ್ಪೆಯ ಕಣ್ಣಿಗೆ ಅದೊಂದು ಕೆರೆ. ಎರಡನೇ ಸಲದ ಔಷಧಿ ಕದಡಿದಾಗ ಅದೇ ನೀರು ನೀಲಿಯಾಗುತ್ತದೆ, ಯಾರೂ ಎತ್ತಿಡದಿದ್ದರೆ ಮೇಲಿನಿಂದ ಉದುರಿದ ಮರಿಗಳು ಸಾಯುತ್ತವೆ. ಮರುವರ್ಷ ಮತ್ತೆ ಅದೇ ಮರ. ಇದಕ್ಕೆ ಬುದ್ಧಿ ಎನ್ನುವವರು ಎನ್ನಲಿ.

ನಮ್ಮನೆಯವರು ಆ ತೋಟದಲ್ಲಿ ಮದುವೆಗೆ ಮೊದಲಿನಿಂದಲೂ ಔಷಧಿ ಹೊಡೆಯುತ್ತಿದ್ದರು. ಪ್ರತಿ ವರ್ಷ ಎರಡನೇ ಔಷಧಿಯ ಹಿಂದಿನ ದಿನ ಆ ನೊರೆಯ ಮುದ್ದೆಗಳನ್ನು ಎಲ್ಲಿಗೋ ಕೊಂಡುಹೋಗುತ್ತಿದ್ದರು. ಎಲ್ಲಿಗೆ ಎಂದು ನಾನು ಹಿಂದೆ ಹೋಗಿ ನೋಡಿದವಳಲ್ಲ.

"ಹೆಂಡ್ತಿ ಬಾಣಂತನಕ್ಕೆ ಒಂದು ಹಂಡೆ ನೀರು ಕಾಯ್ಸಿದವರಲ್ಲ, ಕಪ್ಪೆ ಬಾಣಂತನ ಮಾಡಕ್ಕೆ ಹೊರಟ್ರು," ಎನ್ನುತ್ತಿದ್ದೆ.

"ಅವು ನಿನ್ನ ಹಾಗೆ ಬೈಯದಿಲ್ಲ ಮಾರಾಯ್ತಿ," ಎಂದು ನಗುತ್ತಾ ಹೋಗುತ್ತಿದ್ದರು.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಕಿಡ್ನಿ ಹೋಗಿತ್ತು. ವಾರಕ್ಕೆರಡು ಸಲ ಕೊಪ್ಪಕ್ಕೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸುತ್ತಿದ್ದೆ. ನೀರು ಅಳೆದೇ ಕೊಡಬೇಕು ಎಂದು ಡಾಕ್ಟರು ಹೇಳಿದ್ದರು. ಅಳೆದೇ ಕೊಟ್ಟೆ. "ಒಂದು ಗುಟುಕು ಕೊಡೇ, ಬಾಯಿ ಒದ್ದೆ ಮಾಡ್ಕತ್ತೀನಿ," ಎಂದು ಕೇಳಿದರೆ ಚೊಂಬನ್ನೇ ಒಳಗೆ ಎತ್ತಿಡುತ್ತಿದ್ದೆ. ಕೊನೆಯ ದಿನವೂ ಎತ್ತಿಟ್ಟೆ. ತಿಥಿಯ ಊಟಕ್ಕೆ ಬಂದವರೆಲ್ಲ "ಎಷ್ಟು ಚೆನ್ನಾಗಿ ನೋಡ್ಕಂಡೆ" ಎಂದು ಹೊಗಳಿ, ಪಾಯಸ ಎರಡು ಸಲ ಹಾಕಿಸಿಕೊಂಡು ಹೋದರು. ಬಾಯಾರಿದವರಿಗೆ ನೀರು ಕೊಡದೆ ಇದ್ದದ್ದಕ್ಕೆ ಶಹಭಾಸ್‌ಗಿರಿ ಪಡೆದವಳು ನಾನೊಬ್ಬಳೇ ಇರಬೇಕು.

ಕ್ಯಾಮೆರಾದವರು ಹೋದ ಮರುದಿನ ಮಳೆ ಬಿಟ್ಟಿತು. "ಬಿಸಿಲು ಕಂಡಿದೆ, ಮಧ್ಯಾಹ್ನಕ್ಕೇ ಔಷಧಿ ಹೊಡಿಯದು. ತೊಟ್ಟಿ ತೊಳ್ದಿಡು," ಎಂದರು ಯಜಮಾನರು. ತೊಟ್ಟಿಯ ಹತ್ತಿರ ಹೋದೆ. ಕೊಂಬೆಯಲ್ಲಿ ಮೂರು ಮುದ್ದೆಗಳಿದ್ದವು. ನಮ್ಮನೆಯವರು ಇದ್ದಿದ್ದರೆ ನೋಡಿಕೊಳ್ಳುತ್ತಿದ್ದರು. ಈಗ ನೋಡಲು ನಾನೇ. ಇಷ್ಟು ವರ್ಷ ಅವರು ಉಳಿಸಿದ್ದನ್ನು ನನ್ನ ಕೈಯಾರೆ ನೀಲಿ ನೀರಿಗೆ ಬಿಡಲು ಮನಸ್ಸು ಬರಲಿಲ್ಲ.

ಕೆಳಗಿನ ಮುದ್ದೆಯನ್ನು ಮುಟ್ಟಿದರೆ ಹೊರಗೆ ಒಣಗಿ ಹಪ್ಪಳದ ಹಾಗಾಗಿತ್ತು. ಕಪ್ಪೆಯ ಮೊಟ್ಟೆ ನೀರಿಲ್ಲದೆ ಒಣಗುತ್ತಿದೆ ಎಂದು ನನಗೆ ಸಂಕಟವಾಯಿತು. ಎಲೆಯಿಂದ ಅದನ್ನು ಕೆರೆದು ಡಬ್ಬಕ್ಕೆ ತುಂಬಿಕೊಂಡೆ. ತೋಟದ ಕೆಳಗಿನ ಕೆರೆಗೆ ಓಡಿ ಸುರಿದೆ. ನೊರೆ ಹರಡಿಕೊಂಡಿತು, ಸಣ್ಣ ಸಣ್ಣ ಮೊಟ್ಟೆಗಳು ಕಂಡವು. ನೀರು ಸಿಕ್ಕಿತಲ್ಲ ಎಂದು ನಾನು ನಿಟ್ಟುಸಿರು ಬಿಡುವುದರೊಳಗೆ ಮೀನುಗಳು ಬಂದವು. ಒಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿಯಿತು.

ನಮ್ಮನೆಯವರ ತಮ್ಮ ಹಿಂದೆ ನಿಂತಿದ್ದ. ಈಗ ಔಷಧಿ ಹೊಡೆಯುವವನು ಅವನೇ.

"ಎಂತ ಅತ್ಗೆ, ಮೀನಿಗೆ ಅವಲಕ್ಕಿ ಹಾಕಿದ್ರಾ?"

"ಕಪ್ಪೆ ಮೊಟ್ಟೆ ನೀರಲ್ಲಿರದೆ ಮತ್ತೆಲ್ಲಿರತ್ತೆ?"

"ನೀರಲ್ಲೇ ಇರದಾಗಿದ್ರೆ ಅದು ಅಷ್ಟು ಮೇಲೆ ಹತ್ತಿ ಯಾಕೆ ಒದ್ದಾಡ್ತಿತ್ತು ಮಾರಾಯ್ರೆ? ನೊರೆ ಹೊರಗೆ ಒಣಗ್ತದೆ, ಒಳಗೆ ಪಸೆ ಇರ್ತದೆ. ಮೊದ್ಲು ಅಷ್ಟೇ ಸಾಕು ಅವಕ್ಕೆ. ಬಾಲ ಬಂದ ಮೇಲೆ ಮಳೆಗೆ ನೊರೆ ಕರಗಿ ಕೆಳಗೆ ಬೀಳ್ತವೆ. ಆಗ ಕೆಳಗೆ ನೀರಿರ್ಬೇಕು, ಮೀನಿರ್ಬಾರ್ದು. ಅಣ್ಣ ಕೊಂಬೆ ಸಮೇತ ಕಡ್ದು ಮಣ್ಣು ತೆಗ್ದ ಹೊಂಡದ ಮೇಲೆ ಕಟ್ತಿದ್ದ. ಬೇಸಿಗೇಲಿ ಒಣಗೋ ಹೊಂಡ, ಅಲ್ಲಿ ಮೀನಿಲ್ಲ."

"ನಂಗೆ ಒಂದು ದಿನ ಹೇಳ್ಲಿಲ್ಲ ಅವರು."

"ನೀವು ಕೇಳಿದ್ರಾ?"

ಕೇಳಿರಲಿಲ್ಲ. ಚುಚ್ಚಿದ್ದೆ ಅಷ್ಟೆ. ಆ ಕಪ್ಪೆಗೆ ಬುದ್ಧಿಯಿಲ್ಲ ಎಂದು ಇಷ್ಟು ದಿನ ಬೈದುಕೊಳ್ಳುತ್ತಿದ್ದವಳು, ಅದು ಯಾವುದರಿಂದ ಮೊಟ್ಟೆಯನ್ನು ಕಾಪಾಡಲು ಮರ ಹತ್ತಿತ್ತೋ ಅದರ ಬಾಯಿಗೇ ಒಯ್ದು ಹಾಕಿದ್ದೆ. ಒಬ್ಬರು ಕೇಳಿದರೂ ನೀರು ಕೊಡಲಿಲ್ಲ, ಬೇಡದವಕ್ಕೆ ಹೊತ್ತುಕೊಂಡು ಹೋಗಿ ಕೊಟ್ಟೆ. ಎಸ್ಸೆಸ್ಸೆಲ್ಸಿ ಪಾಸಾದ ಬುದ್ಧಿ ಇದು.

ಉಳಿದ ಎರಡಕ್ಕಾಗಿ ಇಬ್ಬರೂ ತೊಟ್ಟಿಗೆ ಬಂದೆವು. ಅವನು ಕತ್ತಿ ಹಿಡಿದು ಹತ್ತಿದ, ನಾನು ಕೆಳಗಿನಿಂದ ಕೊಂಬೆ ಹಿಡಿದೆ. ಒಂದು ಮುದ್ದೆ ಎರಡು ಎಲೆಗಳ ನಡುವೆ ಅಂಟಿಕೊಂಡಿತ್ತು. ಕಡಿದ ಏಟಿಗೆ ಎಲೆಗಳು ಬೇರೆಯಾಗಿ ಅದು ಹರಿದು ತೊಟ್ಟಿಯೊಳಗೆ ಬಿತ್ತು.

"ಔಷಧಿ ಕದಡಿ ಅಂದ್ರೆ ಪೇರಳೆ ಕೊಯ್ತಾ ಕೂತಿದೀರಲ್ಲ!" ಎಂದು ಯಜಮಾನರು ಅಂಗಳದಿಂದಲೇ ಕೂಗಿದರು. ಹೊಗಳುವ ಅತಿಥಿಗಳು ಇದ್ದಾಗ ಇದೇ ನೊರೆಯ ಕೆಳಗೆ ನಿಂತು ಅವರೂ ಫೋಟೋ ತೆಗೆಸಿಕೊಂಡಿದ್ದರು.

"ಬಂದ್ವಿ ಅಯ್ಯಾ," ಎಂದ ಮೈದುನ. ನನ್ನ ಕಡೆ ತಿರುಗಿ, "ಮುಂದಿನ ಸಲ ಕಪ್ಪೇನ ಇವ್ರ ಜಗಲಿ ಮೇಲೆ ಇಡಕ್ಕೆ ಹೇಳಣ," ಎಂದು ಪಿಸುಗುಟ್ಟಿದ.

ಒಂದೇ ಒಂದು ಉಳಿಯಿತು. ಅದಿದ್ದ ಕೊಂಬೆಯನ್ನು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೊಂಡದವರೆಗೆ ನಡೆದೆ. ಅಲ್ಲಿನ ಮುರುಗಲ ಹುಳಿ ಗಿಡದ ಕವೆಗೆ ಬಾಳೆನಾರಿನಲ್ಲಿ ಕಟ್ಟಿದೆ. ಹೊಂಡದಲ್ಲಿ ಮೊಣಕಾಲುದ್ದ ಕೆಂಪು ನೀರಿತ್ತು.

ಆಮೇಲೆ ಎರಡು ದಿನ ಬಿಸಿಲು. ಮಾರಿ ಮಳೆ, ಬೇಡವೆಂದಾಗ ಸುರಿದು ಬೇಕೆಂದಾಗ ಕೈಕೊಟ್ಟಿತು. ಕೆಲಸಕ್ಕೆ ಹೋಗುವಾಗ ಬರುವಾಗ ನೋಡಿದೆ. ನೊರೆ ಕಂದು ತಿರುಗಿತು. ಒಳಗೆ ಏನಾಗಿದೆಯೋ ತಿಳಿಯದು. ಬಿಚ್ಚಿ ನೋಡುವಷ್ಟು ದಡ್ಡತನ ಈ ಸಲ ಮಾಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಜೋರು ಮಳೆ. ಕಂಬಳಿಕೊಪ್ಪೆ ಹಾಕಿಕೊಂಡು ಹೋದೆ. ನೊರೆ ಕರಗಿ ದಾರವಾಗಿ ಇಳಿಯುತ್ತಿತ್ತು, ಅದರೊಳಗಿನಿಂದ ಮರಿಗಳು ಒಂದೊಂದಾಗಿ ಜಾರುತ್ತಿದ್ದವು. ನಾನು ಕಟ್ಟಿದ್ದು ಒಂದು ಗೇಣು ಈಚೆಗಾಗಿತ್ತು. ಅರ್ಧ ನೀರಿಗೆ ಬಿದ್ದವು, ಅರ್ಧ ದಡದ ಕೆಸರಿಗೆ ಬಿದ್ದು ಬಾಲ ಬಡಿದವು.

"ಅತ್ಗೇ, ಕೆಲಸಕ್ಕೆ ಹೊತ್ತಾಯ್ತು," ಎಂದು ಮೈದುನ ದಾರಿಯಿಂದ ಕೂಗಿದ.

"ನೀನು ನಡಿ," ಎಂದೆ. ಕೆಸರಿನಲ್ಲಿ ಕುಳಿತು, ಅಲ್ಲೇ ಬಿದ್ದಿದ್ದ ಹಲಸಿನ ಎಲೆಯನ್ನು ಮಡಚಿ, ಅವನ್ನು ಎತ್ತಿ ಎತ್ತಿ ನೀರಿಗೆ ಬಿಡತೊಡಗಿದೆ.