ಆ ಗೋಡೆ ಪರವಾಗಿಲ್ಲ

ನನ್ನ ತಮ್ಮ ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ಮಾತಾಡಿಸುತ್ತಾನೆ, ಆಮೇಲೆ ಮನುಷ್ಯರನ್ನು. ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಕಿವಿ ಆನಿಸಿ, ಕಣ್ಣು ಮುಚ್ಚಿ ನಿಂತುಬಿಡುತ್ತಾನೆ. ಒಮ್ಮೆ ನನ್ನ ಗೆಳತಿಯ ಮನೆಗೆ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಬಡಿಸಿದ ತಟ್ಟೆ ಬಿಟ್ಟು ಎದ್ದು ಹೋಗಿ ಅವರ ಅಡುಗೆಮನೆಯ ಮೂಲೆಯಲ್ಲಿ ಬಿರುಕು ಅಳೆಯುತ್ತ ಕೂತ. ಇನ್ನೊಂದು ಸಲ ನೀನೊಬ್ಬಳೇ ಬಾ ಎಂದು ಅವಳು ನನಗೆ ನೇರವಾಗಿಯೇ ಹೇಳಿದಳು. ಪರಿಚಯದವರೆಲ್ಲ ಅವನನ್ನು ಬಿರುಕಪ್ಪ ಎಂದೇ ಕರೆಯುತ್ತಿದ್ದರು. ಕರೆದರೆ ಓಗೊಡುತ್ತಿದ್ದ, ಆ ಮಹಾನುಭಾವನಿಗೆ ಬೇಜಾರು ಎಂಬುದೇ ಇರಲಿಲ್ಲ.

ಅವನದು ಇನ್ಶೂರೆನ್ಸ್ ಕಂಪನಿಗೆ ಮನೆ ನೋಡಿಕೊಡುವ ಕೆಲಸ. ಭೂಕಂಪವಾದರೆ ಯಾವ ಮನೆ ನಿಲ್ಲುತ್ತದೆ, ಯಾವುದು ಕೂರುತ್ತದೆ ಎಂದು ಕಂಪನಿಗೆ ಬರೆದುಕೊಡಬೇಕು. ಕೂರದ ಹಾಗೆ ಏನು ಮಾಡಬೇಕೆಂದು ಮನೆಯವರಿಗೆ ತಿಳಿಸಬೇಕು. ಬೀರುವನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಯಿರಿ, ಸಿಲಿಂಡರಿಗೆ ಸರಪಳಿ ಕಟ್ಟಿ, ಮಂಚದ ತಲೆಯ ಹತ್ತಿರ ಕನ್ನಡಿ ತೂಗುಹಾಕಬೇಡಿ ಎಂದು ಮನೆಮನೆಯಲ್ಲೂ ಗಂಟಲು ಹರಿದುಕೊಳ್ಳುತ್ತಿದ್ದ. ಕಂಪನಿಯ ಫಾರಮ್ಮಿನ ಮಾತು ಯಾರ ತಲೆಗೂ ಹೋಗುತ್ತಿರಲಿಲ್ಲವೆಂದು ತಾನೇ ಮೂರು ಮಾತು ಮಾಡಿಕೊಂಡಿದ್ದ: ಗಟ್ಟಿ, ಪರವಾಗಿಲ್ಲ, ಆಗಲ್ಲ. ಗಟ್ಟಿ ಎಂದರೆ ನೆಮ್ಮದಿಯಾಗಿರಿ. ಆಗಲ್ಲ ಎಂದರೆ ಖಾಲಿ ಮಾಡಿ. ಪರವಾಗಿಲ್ಲ ಎಂದರೆ ಇದ್ದ ಹಾಗೇ ಇದ್ದರೆ ಸದ್ಯ ತಡೆದುಕೊಂಡಿರುತ್ತದೆ, ಕೆಣಕಬೇಡಿ, ಬೇಗ ಸರಿಮಾಡಿಸಿ ಎಂದು. ಈ ಅರ್ಥವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕೊಡುತ್ತಿದ್ದ. ನನಗೂ ಕೊಟ್ಟಿದ್ದ. ಅದರ ಬೆನ್ನ ಮೇಲೆ ನಾನು ಗಿರಾಕಿಗಳ ಅಳತೆ ಬರೆದುಕೊಂಡಿದ್ದೆ, ಓದಿರಲಿಲ್ಲ.

ಪರವಾಗಿಲ್ಲ ಎಂಬ ಮಾತನ್ನು ಉಳಿದವರು ನಾವು ಯಾವುದಕ್ಕೆ ತಾನೇ ಬಳಸುವುದಿಲ್ಲ? ಕಾಲು ತುಳಿದರೂ ಪರವಾಗಿಲ್ಲ, ಟೀ ಚೆಲ್ಲಿದರೂ ಪರವಾಗಿಲ್ಲ. ಇವನಂತೂ ಚಿಕ್ಕಂದಿನಿಂದ ಹಾಗೇ. ಎಂಟು ವರ್ಷದವನಿದ್ದಾಗ ಕಾಂಪೌಂಡಿನಿಂದ ಬಿದ್ದು ಕೈ ಮುರಿದುಕೊಂಡ. ಎರಡು ದಿನ ಯಾರು ಕೇಳಿದರೂ ಪರವಾಗಿಲ್ಲ ಎನ್ನುತ್ತಲೇ ಇದ್ದ. ಮೊಣಕೈ ಸೋರೆಕಾಯಿಯಂತೆ ಊದಿದ ಮೇಲೆ ನಾನೇ ಅಮ್ಮನಿಗೆ ಹೇಳಬೇಕಾಯಿತು.

ನನ್ನ ಮನೆ ಎರಡಂತಸ್ತಿನದು. ಕೆಳಗೆ ನನ್ನ ಹೊಲಿಗೆ ಅಂಗಡಿ, ಮೇಲೆ ವಾಸ. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ ಇಬ್ಬರೇ. ಅತ್ತೆಗೆ ಮಂಡಿ ಹಿಡಿದು ಮೆಟ್ಟಿಲು ಇಳಿಯಲಾಗುತ್ತಿರಲಿಲ್ಲ, ಆದರೆ ಬಾಯಿ ಮಾತ್ರ ಇಡೀ ಬೀದಿ ಸುತ್ತಿ ಬರುತ್ತಿತ್ತು. ಅಂಗಡಿಯ ಮುಂಭಾಗಕ್ಕೆ ಗೋಡೆಯೇ ಇಲ್ಲ, ಎರಡು ತೆಳು ಕಂಬ ಮತ್ತು ಒಂದು ಶಟರು. ಮಿಷನ್‌ಗಳಿರುವ ಜಾಗಕ್ಕೂ ಬಟ್ಟೆ ಕತ್ತರಿಸುವ ಕೋಣೆಗೂ ನಡುವೆ ದಪ್ಪನೆಯ ಇಟ್ಟಿಗೆ ಗೋಡೆಯಿತ್ತು. ಅದರಿಂದಾಗಿ ಹಿಂದಿನ ಕೋಣೆ ಹಗಲಲ್ಲೂ ಕತ್ತಲೆ. ಕತ್ತರಿ ಹಿಡಿದು ನನ್ನ ಕಣ್ಣು ಹಾಳಾಗುತ್ತಿತ್ತು.

ಆ ವರ್ಷ ನೆಲ ಆಗಾಗ ಅಲುಗುತ್ತಿತ್ತು. ನಮಗೆ ಗೊತ್ತಾಗುವ ಮೊದಲೇ ತಗಡಿನ ಡಬ್ಬಿಯಲ್ಲಿದ್ದ ಗುಂಡುಪಿನ್ನುಗಳಿಗೆ ಗೊತ್ತಾಗುತ್ತಿತ್ತು. ಚಿರಿಚಿರಿ ಎಂದು ಒಂದು ಸಣ್ಣ ಸದ್ದು, ಆಮೇಲೆ ಏನೂ ಇಲ್ಲ. ಹೊಲಿಯಲು ಬರುತ್ತಿದ್ದ ಹೆಂಗಸರಿಬ್ಬರೂ ಪೆಡಲಿನಿಂದ ಕಾಲೆತ್ತಿ ನನ್ನ ಮುಖ ನೋಡುತ್ತಿದ್ದರು. ನಾನು ಹೊಲೀರಿ ಹೊಲೀರಿ ಎಂದು ಗದರುತ್ತಿದ್ದೆ. ಗದರುತ್ತಲೇ ಡಬ್ಬಿಯ ಮೇಲೆ ಅಂಗೈ ಒತ್ತಿ ಹಿಡಿಯುತ್ತಿದ್ದೆ.

ಶಾಲೆಯ ಸಮವಸ್ತ್ರದ ದೊಡ್ಡ ಕೆಲಸ ಬಂತು. ಮೇಜು ಹಾಕಲು ಜಾಗವಿಲ್ಲ. ಆ ಗೋಡೆ ತೆಗೆಸಿಬಿಟ್ಟರೆ ಎಂದು ಹೊಳೆದದ್ದೇ ತಮ್ಮನಿಗೆ ಫೋನು ಮಾಡಿದೆ. ಅವನು ಯಾರದೋ ಮಾಳಿಗೆಯ ಮೇಲೆ ನಿಂತಿದ್ದ, ಗಾಳಿ ಭರ್ರೆನ್ನುತ್ತಿತ್ತು.

"ಅಂಗಡಿ ನಡುವಿನ ಗೋಡೆ ತೆಗೆಸೋಣ ಅಂತಿದ್ದೀನಿ ಕಣೋ."

"ಯಾವ ಗೋಡೆ? ಸರಿಯಾಗಿ ಕೇಳಿಸ್ತಿಲ್ಲ ಅಕ್ಕ."

"ಅಂಗಡಿ ನಡುವಿನ ಗೋಡೆ."

"ಓ, ಅದಾ? ಆ ಗೋಡೆ ಪರವಾಗಿಲ್ಲ. ಮುಂದಿನ ಕಂಬಗಳದ್ದೇ ನಂಗೆ..."

ಅಲ್ಲಿಗೆ ಫೋನು ಕಟ್ಟಾಯಿತು. ನನಗೆ ಬೇಕಾದಷ್ಟು ಕೇಳಿಸಿತ್ತು. ತೆಗೆದರೂ ಪರವಾಗಿಲ್ಲ ಎಂದು ಅವನೇ ಹೇಳಿದ ಮೇಲೆ ಇನ್ನೇನು ಎಂದುಕೊಂಡೆ.

ಗಾರೆ ಮೇಸ್ತ್ರಿ ಸುತ್ತಿಗೆ ಎತ್ತುವ ಮೊದಲು ಮೇಲೆ ನೋಡಿದ, ಕೆಳಗೆ ನೋಡಿದ. "ಅಮ್ಮಾ, ತಿಳಿದವರನ್ನ ಒಂದು ಮಾತು ಕೇಳಿದ್ರೆ ಒಳ್ಳೇದು," ಎಂದ.

"ನನ್ನ ತಮ್ಮನ ಕೆಲಸವೇ ಅದು. ಕೇಳಿಯಾಗಿದೆ, ನೀನು ಹೊಡಿ," ಎಂದೆ.

ಎರಡೇ ದಿನದಲ್ಲಿ ಗೋಡೆ ಮಾಯವಾಯಿತು. ಕೋಣೆಗೆಲ್ಲ ಬೆಳಕು ಬಂತು. ಅಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ಬಂದ ಗಿರಾಕಿಗಳನ್ನೆಲ್ಲ ಕರೆದು ತೋರಿಸಿದೆ. ನಾಲ್ಕನೆಯ ದಿನ ಶಟರು ಅರ್ಧಕ್ಕೆ ಬಂದು ಕಚ್ಚಿಕೊಂಡಿತು, ಎಣ್ಣೆ ಬಿಟ್ಟೆ. ಆರನೆಯ ದಿನ ಮೇಲಿನ ಮಲಗುವ ಕೋಣೆಯ ಬಾಗಿಲು ಚಿಲಕಕ್ಕೆ ಕೂರಲಿಲ್ಲ. "ಮನೆ ಯಾಕೋ ಕೆಳಗೆ ಎಳೀತಿದೆ ಕಣೆ," ಎಂದರು ಅತ್ತೆ. "ನಿಮ್ಮ ಮಂಡಿ ಎಳೀತಿರೋದು ಅತ್ತೆ," ಎಂದು ನಾನು ಬಾಯಿ ಮುಚ್ಚಿಸಿದೆ. ಕಂಬದ ನೆತ್ತಿಯಲ್ಲಿ ಕೂದಲೆಳೆಯಷ್ಟು ಬಿರುಕು ಮೂಡಿತ್ತು. ಅದರ ಮೇಲೊಂದು ಕ್ಯಾಲೆಂಡರು ತೂಗುಹಾಕಿದೆ.

ಹನ್ನೊಂದನೆಯ ದಿನ ಮಧ್ಯಾಹ್ನ ತಮ್ಮ ಬಂದ. ಅಭ್ಯಾಸಬಲದಿಂದ ಗೋಡೆ ಬಡಿಯಲು ಕೈಯೆತ್ತಿದ. ಅಲ್ಲಿ ಗೋಡೆಯಿರಲಿಲ್ಲ. ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ತಲೆಯೆತ್ತಿ ಮೇಲಿನ ತೊಲೆ ನೋಡಿದ.

"ಅಕ್ಕ, ಗೋಡೆ ಎಲ್ಲಿ?"

"ನೀನೇ ಪರವಾಗಿಲ್ಲ ಅಂದೆಯಲ್ಲೋ."

"ಗೋಡೆ ಪರವಾಗಿಲ್ಲ ಅಂದೆ ಕಣಕ್ಕ. ತೆಗೆದ್ರೆ ಪರವಾಗಿಲ್ಲ ಅನ್ಲಿಲ್ಲ. ಈ ಮನೇನ ಹಿಡಿದು ನಿಲ್ಲಿಸಿದ್ದೇ ಅದೊಂದು."

ಅವನು ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಅವನು ಕೂಗಲಿಲ್ಲ. ಹೊಲಿಯುತ್ತಿದ್ದ ಹೆಂಗಸರನ್ನು ಆ ಕ್ಷಣವೇ ಮನೆಗೆ ಕಳಿಸಿದ. ನಮ್ಮಿಬ್ಬರಿಗೂ ತನ್ನ ಮನೆಗೆ ಹೊರಡಿ ಎಂದ. ಅತ್ತೆ ಮಂಚದ ಕಾಲು ಹಿಡಿದುಕೊಂಡರು. "ಮೂವತ್ತು ವರ್ಷ ಬಿದ್ದಿಲ್ಲ, ಇವನು ಬಂದು ಬಡಿದ ಅಂತ ಬೀಳುತ್ತಾ? ಸಾಯೋದಾದ್ರೆ ಇಲ್ಲೇ ಸಾಯ್ತೀನಿ," ಎಂದು ಹಟ ಹಿಡಿದರು. ಅವರನ್ನು ಬಿಟ್ಟು ನಾನು ಹೇಗೆ ಹೋಗಲಿ? ಸರಿ, ನಾಳೆ ಆಸರೆ ಕೊಟ್ಟು ಆಮೇಲೆ ನಾಲ್ಕು ಜನ ಸೇರಿ ಕುರ್ಚಿಯಲ್ಲೇ ಇಳಿಸೋಣ ಎಂದ. ಹೋಗುವಾಗ ಕ್ಯಾಲೆಂಡರನ್ನು ಎತ್ತಿ ನೋಡಿದ. ಬಿರುಕಿನೊಳಗೆ ಈಗ ಅವನ ಉಗುರು ಹೋಗುತ್ತಿತ್ತು. ಆ ರಾತ್ರಿ, ಬೆನ್ನಿಗೆ ಅಳತೆ ಬರೆದಿದ್ದ ಅವನ ಹಾಳೆಯನ್ನು ತಿರುವಿ ಮೊದಲ ಸಲ ಓದಿದೆ.

ಮರುದಿನ ಬೆಳಿಗ್ಗೆಯೇ ಎಂಟು ಕಬ್ಬಿಣದ ಊರುಗಂಬ ತಂದ. ಒಂದೊಂದನ್ನೂ ತೊಲೆಯಡಿ ನಿಲ್ಲಿಸಿ, ತಿರುಪು ತಿರುಗಿಸಿ, ಬೆರಳಿಂದ ಬಡಿದು ಕೇಳುತ್ತಿದ್ದ. ಹನ್ನೊಂದು ಗಂಟೆಯ ಹೊತ್ತಿಗೆ ಮೂರು ನಿಂತಿದ್ದವು. ನಾನು ಅವನಿಗೆ ಟೀ ಹಿಡಿದು ನಿಂತಿದ್ದೆ. ಆಗ ಗುಂಡುಪಿನ್ನಿನ ಡಬ್ಬಿ ಚಿರಿಗುಟ್ಟಿತು. ಯಾವಾಗಲೂ ನಿಲ್ಲುವಷ್ಟು ಹೊತ್ತಿಗೆ ನಿಲ್ಲಲಿಲ್ಲ. ಡಬ್ಬಿ ಮೇಜಿನ ಮೇಲೆ ನಡೆಯತೊಡಗಿತು.

"ಅಕ್ಕ, ಹೊರಗೆ," ಎಂದ, ಮೆಲ್ಲಗೆ. ನಾನು ನಿಂತೇ ಇದ್ದೆ. ಭುಜ ಹಿಡಿದು ಬೀದಿಗೆ ನೂಕಿದ. ಬಿದ್ದವಳು ತಿರುಗಿ ನೋಡುವಷ್ಟರಲ್ಲಿ ಎರಡು ಕಂಬಗಳೂ ಮಂಡಿ ಮಡಚಿದವು. ಮನೆ ಉರುಳಲಿಲ್ಲ, ಇದ್ದಲ್ಲೇ ಕೂತಿತು. ಧೂಳು ತಿಳಿಯಾದಾಗ ಮೇಲಿನ ಮಹಡಿ ರಸ್ತೆಯ ಮಟ್ಟಕ್ಕೆ ಬಂದಿತ್ತು. ಕಿಟಕಿಯಲ್ಲಿ ನನ್ನ ಅತ್ತೆ ಮಂಚದ ಮೇಲೆ ಕೂತಿದ್ದರು, ತಲೆಯೆಲ್ಲ ಸುಣ್ಣ, ಮೈಗೆ ಒಂದು ಗೀರೂ ಇರಲಿಲ್ಲ. ಮೆಟ್ಟಿಲಿಳಿಯಲಾರದವರನ್ನು ಪಕ್ಕದ ಮನೆಯವರು ಕಿಟಕಿಯಿಂದಲೇ ರಸ್ತೆಗೆ ಇಳಿಸಿಕೊಂಡರು. ಅಂಗಡಿ ಎಂಬುದೇ ಇರಲಿಲ್ಲ.

ನೆಲಕ್ಕೆ ಬಾಯಿ ಹಚ್ಚಿ, ಒಳಗೇ ಉಳಿದ ತಮ್ಮನನ್ನು ಕೂಗುತ್ತಲೇ ಇದ್ದೆ. ಎಷ್ಟೋ ಹೊತ್ತಿಗೆ ಒಳಗಿನಿಂದ ಟಕ್ ಟಕ್ ಎಂದು ಕಬ್ಬಿಣ ಬಡಿದ ಸದ್ದು ಬಂತು. ಅಷ್ಟರಲ್ಲಿ ರಕ್ಷಣೆಯವರು ಬಂದರು. ಅವರ ಮುಖಂಡ ಸಂದಿಗೆ ಬಾಯಿಟ್ಟು "ಹೇಗಿದ್ದೀರಾ?" ಎಂದು ಕೂಗಿದ.

"ಪರವಾಗಿಲ್ಲ," ಎಂದಿತು ತಮ್ಮನ ದನಿ.

ಮುಖಂಡ ಎದ್ದು ಮೈ ಕೊಡವಿಕೊಂಡ. "ಮಾತಾಡ್ತಿದ್ದಾರೆ, ಪರವಾಗಿಲ್ಲ ಅಂತಿದ್ದಾರೆ. ಪಕ್ಕದ ಬೀದೀಲಿ ದನಿಯೇ ಇಲ್ಲದವರಿದ್ದಾರೆ ಅಮ್ಮ. ಅದು ಮುಗಿಸಿ ಸಂಜೆಯೊಳಗೆ ಬರ್ತೀವಿ."

ನಾನು ಅವನ ತೋಳು ಹಿಡಿದುಕೊಂಡೆ, ಉಗುರು ಊರುವ ಹಾಗೆ. "ಅವನು ಪರವಾಗಿಲ್ಲ ಅಂದ್ರೆ ಚೆನ್ನಾಗಿದ್ದೀನಿ ಅಂತಲ್ಲ. ಸದ್ಯಕ್ಕೆ ತಡ್ಕೊಂಡಿದ್ದೀನಿ, ಬೇಗ ಬನ್ನಿ ಅಂತ. ಆ ಮಾತು ತಪ್ಪಾಗಿ ತಿಳ್ಕೊಂಡೇ ಈ ಮನೆ ಬೀಳಿಸಿದ್ದು ನಾನು. ನೀವು ಇನ್ನೊಂದು ಸಲ ತಪ್ಪು ತಿಳ್ಕೋಬೇಡಿ."

 ಮುಖಂಡ ನಾಲ್ವರನ್ನು ಪಕ್ಕದ ಬೀದಿಗೆ ಕಳಿಸಿ, ಇಬ್ಬರನ್ನು ಇಟ್ಟುಕೊಂಡು ಇಲ್ಲೇ ಅಗೆಯತೊಡಗಿದ.

ತಮ್ಮ ನಿಲ್ಲಿಸಿದ್ದ ಮೂರು ಊರುಗಂಬ ಬಾಗಿದ್ದರೂ ಮುರಿದಿರಲಿಲ್ಲ. ಅವುಗಳ ಮಧ್ಯೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ ಉಳಿದಿತ್ತು. ಬಲಗಾಲು ಮಾತ್ರ ತೊಲೆಯಡಿ ಸಿಕ್ಕಿ ರಕ್ತ ಹರಿದುಹೋಗುತ್ತಿತ್ತು. ಸಂಜೆಯವರೆಗೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಪಕ್ಕದ ಬೀದಿಯಲ್ಲಿ ಯಾರಾದರೂ ಉಳಿದರೇ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ. ಕೇಳಲು ಧೈರ್ಯವಿಲ್ಲ.

ಮೂರನೆಯ ದಿನ ಅವನು ಕಣ್ಣು ಬಿಟ್ಟ. ಬಲಮಂಡಿಯಿಂದ ಕೆಳಗೆ ಹೊದಿಕೆ ಚಪ್ಪಟೆಯಾಗಿತ್ತು. ಮೇಜಿನ ಮೇಲಿದ್ದ ಲೋಟದೊಳಗೆ ಚಮಚ ಸಣ್ಣಗೆ ಗಿಲಿಗುಟ್ಟಿತು. ಇಬ್ಬರೂ ಒಟ್ಟಿಗೆ ಗೋಡೆಯ ಕಡೆ ನೋಡಿದೆವು. ಚಮಚದ ಸದ್ದು ನಿಂತ ಮೇಲೆ, "ಹೇಗಿದೆಯೋ?" ಎಂದು ಕೇಳಿದೆ.

ಅವನು ಎಂದಿನಂತೆ ಬಾಯಿ ತೆರೆದ. "ಪರ..." ಎಂದವನು ನನ್ನ ಮುಖ ನೋಡಿ ನಿಲ್ಲಿಸಿದ.

"ನೋಯ್ತಿದೆ ಅಕ್ಕ," ಎಂದ. "ತುಂಬಾ ನೋಯ್ತಿದೆ."

ನಾನು ಓಡಿಹೋಗಿ ನರ್ಸನ್ನು ಕರೆದುಕೊಂಡು ಬಂದೆ.